ಮಂಡಿಯೂರುವುದಕ್ಕೆ ಲ್ಯಾಟಿನ್ ಬೇಕೇ?

ಪಾಸ್ಖ ಹಬ್ಬಕ್ಕೆಂದು ನನ್ನ ತಮ್ಮನ ಮಗಳು ಬೆಂಗಳೂರಿನಿಂದ ಬೂವನಹಳ್ಳಿಗೆ ಬಂದಿದ್ದಳು. ಕಂಪ್ಯೂಟರ್ ಕೆಲಸದ ಹುಡುಗಿ. ಬಂದವಳೇ ಚೀಲದಿಂದ ಬಿಳಿ ಲೇಸಿನ ಮುಸುಕೊಂದನ್ನು ತೆಗೆದು ಇಸ್ತ್ರಿ ಮಾಡಲು ನಿಂತಳು. ಯಾರಿಗೂ ಹೇಳದೆ ಮದುವೆ ಗೊತ್ತುಮಾಡಿಕೊಂಡಳೋ ಏನೋ ಎಂದು ನನ್ನ ಎದೆ ಧಸಕ್ಕೆಂದಿತು.

"ಪೂಜೆಗೆ ಅತ್ತೆ, ತಲೆಗೆ ಹಾಕ್ಕೊಳ್ಳೋಕೆ" ಎಂದಳು.

"ಅದಕ್ಕೇನೆ, ದುಪಟ್ಟಾ ಇದೆಯಲ್ಲ" ಎಂದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು. ಆಮೇಲೆ ಒಂದು ಗಂಟೆ ನನಗೆ ಜ್ಞಾನೋಪದೇಶವಾಯಿತು. ಮೂವತ್ತೆರಡು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಭಾನುವಾರಗಳಲ್ಲಿ ಮಕ್ಕಳಿಗೆ ಜ್ಞಾನೋಪದೇಶ ಮಾಡಿದವಳು ನಾನು, ನನಗೇ! ಅವಳೂ ಅವಳ ಗೆಳತಿಯರೂ ಈಗ ಫೋನಿನಲ್ಲಿ ನೋಡಿ ಲ್ಯಾಟಿನ್ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡುತ್ತಿದ್ದಾರಂತೆ. ಪರಮಪ್ರಸಾದವನ್ನು ಕೈಯಲ್ಲಿ ತೆಗೆದುಕೊಳ್ಳುವುದಿಲ್ಲವಂತೆ. ಗುರುಗಳು ಜನಕ್ಕೆ ಬೆನ್ನು ಮಾಡಿ ಪೀಠದ ಕಡೆ ತಿರುಗಿ ನಿಲ್ಲುವ ಹಳೆಯ ಪೂಜೆಯೇ ಪೂಜೆಯಂತೆ. ಕೊನೆಗೊಂದು ಮಾತು ಹೇಳಿದಳು: "ಬೇಜಾರು ಮಾಡ್ಕೋಬೇಡಿ ಅತ್ತೆ, ಆದ್ರೆ ನಮ್ಮ ಕನ್ನಡ ಪೂಜೆ ಅರ್ಧ ಪೂಜೆ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೇಜಾರಿಗಲ್ಲ, ಸಿಟ್ಟಿಗೆ. ಆದರೆ ಸಿಟ್ಟು ಇಳಿದ ಮೇಲೆ ಇನ್ನೊಂದು ಕಾಡತೊಡಗಿತು. ಹುಡುಗಿ ಹೇಳಿದ್ದರಲ್ಲಿ ಅರ್ಧ ನಿಜವೇ ಆಗಿತ್ತು.

ಆ ಅರ್ಧವನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಚರ್ಚುಗಳಲ್ಲಿ ಇವತ್ತು ಏನು ನಡೆಯುತ್ತಿದೆ? ಪೂಜೆಗೆ ಮುಂಚಿನ ಹತ್ತು ನಿಮಿಷ ಯಾವ ಕಲ್ಯಾಣ ಮಂಟಪಕ್ಕೂ ಕಡಿಮೆಯಿಲ್ಲ. ಯಾರ ಮಗನಿಗೆ ಕೆನಡಾ ವೀಸಾ ಸಿಕ್ಕಿತು, ಯಾರ ಸೊಸೆ ತವರಿಗೆ ಹೋದಳು, ಎಲ್ಲ ಅಲ್ಲೇ ಇತ್ಯರ್ಥ. ಕೀಬೋರ್ಡಿನ ಹುಡುಗ ಸಿನಿಮಾ ಹಾಡಿನ ತಾಳ ಹಾಕಿಕೊಂಡು ಕೀರ್ತನೆ ಬಾರಿಸುತ್ತಾನೆ. ಪರಮಪ್ರಸಾದ ಆಗುತ್ತಿದ್ದಂತೆ ಹುಟ್ಟುಹಬ್ಬದವರ ಪಟ್ಟಿ, ಚಪ್ಪಾಳೆ, ಪ್ರವಾಸದ ಬಸ್ಸಿನ ಪ್ರಕಟಣೆ. ಹೋದ ವರ್ಷ ನಾನು ಹೋದ ಒಂದು ಮದುವೆಯಲ್ಲಿ ವಿಡಿಯೋದವನು ಪೀಠದ ಮೆಟ್ಟಿಲು ಹತ್ತಿ, ಗುರುಗಳ ಪಕ್ಕದಲ್ಲೇ ನಿಂತು, ಉಂಗುರ ಬದಲಾಯಿಸುವುದನ್ನು ಇನ್ನೊಮ್ಮೆ ಮಾಡಿಸಿದ. ಗುರುಗಳು ಸುಮ್ಮನಿದ್ದರು. ನಾವೂ ಸುಮ್ಮನಿದ್ದೆವು.

ನಾನೇನು ಸಾಚಾ ಅಲ್ಲ. ಪ್ರಬೋಧನೆಯ ನಡುವೆ ಫೋನು ಗುಂಯ್‌ಗುಟ್ಟಿದರೆ ನನ್ನ ಕೈಯೂ ಚೀಲಕ್ಕೆ ಹೋಗುತ್ತದೆ. ಮಂಡಿನೋವಿನ ನೆಪ ಹೇಳಿ ಕೂತುಬಿಡುವ ನಾನು, ಅದೇ ಮಂಡಿಯನ್ನು ಊರಿ ತೋಟದ ಕಳೆ ಕೀಳುತ್ತೇನೆ. ಪೀಠಕ್ಕೆ ಪ್ಲಾಸ್ಟಿಕ್ ಹೂವು ತಂದರೆ ವಾರವಾರ ಖರ್ಚಿಲ್ಲ ಎಂದು ಒಮ್ಮೆ ಮಹಿಳಾ ಸಂಘದಲ್ಲಿ ಸಲಹೆ ಕೊಟ್ಟವಳೂ ನಾನೇ. ಹಿತ್ತಲಲ್ಲಿ ದಾಸವಾಳ, ಕನಕಾಂಬರ ಬಿದ್ದು ಬಾಡುತ್ತಿದ್ದವು.

ಹೀಗಿರುವಾಗ ಮಕ್ಕಳು ಮೌನ ಹುಡುಕಿಕೊಂಡು, ಭಯಭಕ್ತಿ ಹುಡುಕಿಕೊಂಡು ಎಲ್ಲೋ ಹೋದರೆ ಅವರನ್ನು ಬೈಯುವ ಬಾಯಿ ನಮಗೆಲ್ಲಿದೆ? ಇದು ನಮ್ಮ ಹುಡುಗಿಯೊಬ್ಬಳ ಹುಚ್ಚೂ ಅಲ್ಲ. ಫ್ರಾನ್ಸಿನಲ್ಲಿ ಪ್ಯಾರಿಸಿನಿಂದ ಶಾರ್ತ್ರ್ ದೇವಾಲಯಕ್ಕೆ ಪ್ರತಿವರ್ಷ ಮೂರು ದಿನ, ಸುಮಾರು ನೂರು ಕಿಲೋಮೀಟರ್ ಕಾಲ್ನಡಿಗೆಯ ಯಾತ್ರೆ ಹೋಗುತ್ತದೆ. ಅಲ್ಲಿ ಪೂಜೆಯೆಲ್ಲ ಹಳೆಯ ಲ್ಯಾಟಿನ್ ವಿಧಿಯಲ್ಲೇ. 2024ರಲ್ಲಿ ಸುಮಾರು 18,000 ಮಂದಿ ನಡೆದರು, ಹೆಚ್ಚಿನವರು ಎಳೆಯರು. ಹಸಿವಿಲ್ಲದೆ ಯಾರೂ ಅಷ್ಟು ದೂರ ನಡೆಯುವುದಿಲ್ಲ.

ಹಸಿವು ನಿಜ. ಆದರೆ ಅದಕ್ಕೆ ಊಟ ಲ್ಯಾಟಿನ್ನೇ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಏಕೆಂದರೆ ಆ ಊಟವನ್ನು ನಾನು ಕಣ್ಣಾರೆ ನೋಡಿದ್ದೇನೆ. ನನ್ನ ತಮ್ಮನ ಮಗಳು ನೋಡಿಲ್ಲ.

ನನ್ನ ಅಮ್ಮನ ತವರು ಶೆಟ್ಟಿಹಳ್ಳಿ. ಹೌದು, ಫೋಟೋಗಳಲ್ಲಿ ನೀವೆಲ್ಲ ನೋಡಿರುವ, ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ ಬೇಸಗೆಯಲ್ಲಿ ಮತ್ತೆ ಎದ್ದು ನಿಲ್ಲುವ ಆ ಚರ್ಚಿನ ಊರು. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. ಊರು ನೀರಿನ ಪಾಲಾಯಿತು, ಜನ ದಿಕ್ಕಾಪಾಲಾದರು. ನಮ್ಮಜ್ಜಿ ಒಂದು ತಗಡಿನ ಡಬ್ಬಿ, ಎರಡು ಹಸು ಹಿಡಿದುಕೊಂಡು ಬೂವನಹಳ್ಳಿಗೆ ಮಗಳ ಮನೆಗೆ ಬಂದಳು. ಮುಂದೆ ಬೂವನಹಳ್ಳಿಯ ಹೊಲಗಳೂ ವಿಮಾನ ನಿಲ್ದಾಣಕ್ಕೆಂದು ಹೋದವು. ಅಷ್ಟು ಹೊತ್ತಿಗೆ ಅಜ್ಜಿ ಇರಲಿಲ್ಲ, ಪುಣ್ಯಕ್ಕೆ.

ನಾನು ಚಿಕ್ಕವಳಿದ್ದಾಗ ಬೇಸಗೆ ರಜೆಗೆ ಅಜ್ಜಿಯ ಮನೆಗೆ ಹೋದರೆ ಭಾನುವಾರ ಬೆಳಿಗ್ಗೆ ಕತ್ತಲಲ್ಲೇ ಎಬ್ಬಿಸುತ್ತಿದ್ದಳು. ಪರಮಪ್ರಸಾದ ತೆಗೆದುಕೊಳ್ಳುವವರು ಹಿಂದಿನ ನಡುರಾತ್ರಿಯಿಂದಲೇ ಉಪವಾಸವಿರಬೇಕೆಂಬುದು ಹಳೆಯ ಕಟ್ಟಳೆ. 1957ರಲ್ಲಿ ಪೋಪ್ ಹನ್ನೆರಡನೇ ಪಿಯೂಸ್ ಅದನ್ನು ಮೂರು ಗಂಟೆಗೆ ಇಳಿಸಿದ್ದರು, 1964ರಲ್ಲಿ ಆರನೇ ಪೌಲ್ ಒಂದು ಗಂಟೆಗೆ ಇಳಿಸಿದರು. ಅಜ್ಜಿಗೆ ಯಾವ ಪೋಪರ ರಿಯಾಯಿತಿಯೂ ತಲುಪಲಿಲ್ಲ. ಸಾಯುವ ತನಕ ನಡುರಾತ್ರಿಯ ಕಟ್ಟಳೆಯೇ. ಚಪ್ಪಲಿ ಚರ್ಚಿನ ಹೊರಗೆ. ಸೆರಗು ತಲೆಯ ಮೇಲೆ. ಕಲ್ಲುನೆಲದ ಮೇಲೆ ಮಂಡಿ.

ಒಳಗೆ ಏನಾಗುತ್ತಿತ್ತು? ಸ್ವಾಮಿಯವರು ನಮಗೆ ಬೆನ್ನು ಮಾಡಿ ಪೀಠದ ಮುಂದೆ ಏನೋ ಪಿಸುಗುಡುತ್ತಿದ್ದರು. ಅದು ಪೀಠದ ಹುಡುಗರಿಗೆ ಗೊತ್ತಿತ್ತೋ ಇಲ್ಲವೋ, ನಮಗಂತೂ ಗೊತ್ತಿರಲಿಲ್ಲ. ಅಜ್ಜಿ ಅಷ್ಟು ಹೊತ್ತೂ ತನ್ನ ಪಾಡಿಗೆ ಕನ್ನಡದಲ್ಲಿ ಜಪಸರ ಎಣಿಸುತ್ತಿದ್ದಳು. ಗಂಟೆ ಹೊಡೆದಾಗ ತಲೆಯೆತ್ತಿ ನೋಡಿ, ಎದೆ ಮುಟ್ಟಿಕೊಂಡು, ಮತ್ತೆ ಜಪಸರಕ್ಕೆ ಇಳಿಯುತ್ತಿದ್ದಳು. ಪೂಜೆ ಲ್ಯಾಟಿನ್ನಿನಲ್ಲಿ ಅದರ ಪಾಡಿಗೆ ಅದು. ಅಜ್ಜಿ ಕನ್ನಡದಲ್ಲಿ ಅವಳ ಪಾಡಿಗೆ ಅವಳು. ಅಲ್ಲಿ ಭಯಭಕ್ತಿ ಇರಲಿಲ್ಲವೇ? ಬೇಕಾದಷ್ಟಿತ್ತು. ಅದು ಬಂದದ್ದು ಎಲ್ಲಿಂದ ಎಂಬುದೇ ನನ್ನ ಪ್ರಶ್ನೆ. ಸ್ವಾಮಿಯವರ ಲ್ಯಾಟಿನ್ನಿನಿಂದಲೋ, ಅಜ್ಜಿಯ ಹಸಿದ ಹೊಟ್ಟೆಯಿಂದ, ಬರಿಗಾಲಿನಿಂದ, ಬಾಯಲ್ಲಿದ್ದ ಕನ್ನಡದಿಂದಲೋ?

ಕನ್ನಡದಲ್ಲಿ ಪೂಜೆ ಶುರುವಾದ ಹೊಸದರಲ್ಲಿ ನಡೆದದ್ದು ನನಗೆ ಚೆನ್ನಾಗಿ ನೆನಪಿದೆ. ಚರ್ಚಿನಿಂದ ಮನೆಗೆ ಬರುವ ದಾರಿಯಲ್ಲಿ ಅಜ್ಜಿ ಮಾತಾಡಲೇ ಇಲ್ಲ. ಹಟ್ಟಿ ಬಾಗಿಲಲ್ಲಿ ಕಾಲು ತೊಳೆಯುತ್ತ ಅಮ್ಮನನ್ನು ಕೇಳಿದಳು: "ಅಲ್ಲ ಕಣವ್ವ, ಸ್ವಾಮ್ಯೋರು ಇಷ್ಟು ವರ್ಸದಿಂದ ಇದ್ನೇ ಹೇಳ್ತಿದ್ರಾ? ಇಷ್ಟು ಚೆಂದದ ಮಾತ್ನ?"

ಇಷ್ಟು ಚೆಂದದ ಮಾತು! ಅರವತ್ತು ವರ್ಷದ ಹೆಂಗಸು, ದಿನ ತಪ್ಪಿಸದೆ ಪ್ರಾರ್ಥನೆ ಮಾಡಿದವಳು, ಯಾವ ಪೂಜೆಗಾಗಿ ಉಪವಾಸವಿದ್ದಳೋ ಆ ಪೂಜೆಯ ಮಾತು ಅವಳಿಗೆ ತಿಳಿದದ್ದು ಅಂದು. ಇದನ್ನು ಯಾರಾದರೂ "ಅರ್ಧ ಪೂಜೆ" ಎಂದರೆ ನಾನು ಸುಮ್ಮನಿರಲಾರೆ. ಅಜ್ಜಿಗೆ ಅರ್ಧವಾಗಿದ್ದದ್ದು ಅದಕ್ಕೆ ಹಿಂದಿನದು.

ಮತ್ತು ಈ ಕನ್ನಡ ನಮಗೆ ಪುಕ್ಕಟೆ ಸಿಕ್ಕಿದ್ದಲ್ಲ. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದ ಪೂಜೆಗೆ ಒಂದು ಹೊತ್ತು, ಒಂದು ಜಾಗ ಕೊಡಿ ಎಂದು ಕನ್ನಡ ಕ್ರೈಸ್ತರು ವರ್ಷಗಟ್ಟಲೆ ಹೋರಾಡಬೇಕಾಯಿತು, ಬೈಸಿಕೊಳ್ಳಬೇಕಾಯಿತು. ಹೀಗೆ ದಕ್ಕಿಸಿಕೊಂಡದ್ದನ್ನು ಫ್ಯಾಷನ್ನಿಗೆಂದು ಬಿಟ್ಟುಕೊಡುವುದೇ?

"ಎಲ್ಲಾ ಹಾಳಾಗಿದ್ದು ವ್ಯಾಟಿಕನ್ ಮಹಾಸಭೆಯಿಂದ" ಎನ್ನುತ್ತಾಳೆ ನಮ್ಮ ಹುಡುಗಿ. ಮಹಾಸಭೆ ಪೂಜಾವಿಧಿಯ ಬಗ್ಗೆ ಶಾಸನ ಹೊರಡಿಸಿದ್ದು 1963ರ ಡಿಸೆಂಬರ್ 4ರಂದು. ಹಾಸನ ಜಿಲ್ಲೆ ಸೇರಿರುವ ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿದ್ದೂ ಅದರ ಹಿಂದಿನ ತಿಂಗಳೇ. ಆ ಶಾಸನವನ್ನು ನಾನು ಓದಿದ್ದೇನೆ. ಲ್ಯಾಟಿನ್ ಉಳಿಯಲಿ ಎಂದೇ ಅದರಲ್ಲಿದೆ. ಜನರ ಭಾಷೆಗೂ ಹೆಚ್ಚು ಜಾಗ ಕೊಡಬಹುದು ಎಂದೂ ಇದೆ. ತಕ್ಕ ಹೊತ್ತಿನಲ್ಲಿ ಪವಿತ್ರ ಮೌನ ಪಾಲಿಸಬೇಕು ಎಂದೂ ಇದೆ. ಸಿನಿಮಾ ತಾಳ ಹಾಕಿ ಎಂದು ಯಾವ ಪುಟದಲ್ಲೂ ಇಲ್ಲ. ಪರಮಪ್ರಸಾದವಾದ ಕೂಡಲೇ ಚಪ್ಪಾಳೆ ತಟ್ಟಿ ಎಂದೂ ಇಲ್ಲ. ಕನ್ನಡ ಬಂದದ್ದು ಮಹಾಸಭೆಯಿಂದ. ಗದ್ದಲ ಬಂದದ್ದು ನಮ್ಮ ಸೋಮಾರಿತನದಿಂದ. ಎರಡೂ ಒಂದೇ ಬಾಗಿಲಲ್ಲಿ ಬಂದವು ಅಂತ ಮಗುವನ್ನೂ ಬಚ್ಚಲ ನೀರನ್ನೂ ಒಟ್ಟಿಗೆ ಚೆಲ್ಲಿದರೆ ಹೇಗೆ?

ಇನ್ನು ಸಂಪ್ರದಾಯದ ಮಾತು. ಯಾವುದು ಸಂಪ್ರದಾಯ? ಹದಿನೇಳನೇ ಶತಮಾನದ ನಡುಭಾಗದಲ್ಲೇ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಎಂಬ ಏಸುಸಭೆಯ ಗುರು ಕನ್ನಡ ಕಲಿತು ಕನ್ನಡದಲ್ಲೇ ಉಪದೇಶದ ಪುಸ್ತಕ ಬರೆದರು. ಮೈಸೂರು ಸೀಮೆಗೆ ಬಂದ ಆ ಗುರುಗಳು ಸನ್ಯಾಸಿಗಳ ಹಾಗೆ ಬಟ್ಟೆ ತೊಟ್ಟು, ಅವರ ಹಾಗೆ ಬದುಕಿದವರು. 1799ರ ನಂತರ ನಮ್ಮ ಸೀಮೆಗೆ ಬಂದ ಫ್ರಾನ್ಸಿನ ಅಬ್ಬೆ ದುಬಾ ಕೂಡ ಇಲ್ಲಿಯ ಉಡುಗೆಯಲ್ಲೇ ಇದ್ದರು. ಸಿಡುಬಿಗೆ ಲಸಿಕೆ ಹಾಕಿಸಿದರು, ಚದುರಿದ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಹಿಂದಕ್ಕೆ ಹೋಗಬೇಕೆಂದರೆ ಸ್ವಲ್ಪ ದೂರವೇ ಹೋಗೋಣ. 1950ರ ಯೂರೋಪಿನ ತನಕ ಹೋಗಿ ನಿಲ್ಲುವುದೇಕೆ? ನಮ್ಮ ನೆಲದಲ್ಲಿ ಈ ಧರ್ಮ ಬೇರೂರಿದ್ದೇ ಬರಿಗಾಲಲ್ಲಿ, ಕನ್ನಡದಲ್ಲಿ.

1969ರಲ್ಲಿ ರೋಮಿನಿಂದ ಭಾರತದ ಬಿಷಪ್ಪರಿಗೆ ಹನ್ನೆರಡು ಅಂಶಗಳ ಒಪ್ಪಿಗೆ ಬಂತು. ಚಪ್ಪಲಿ ಹೊರಗೆ ಬಿಡುವುದು, ನೆಲದ ಮೇಲೆ ಕೂರುವುದು, ಕೈಮುಗಿದು ಬಾಗುವುದು, ಆರತಿ, ಎಣ್ಣೆದೀಪ, ಇವೆಲ್ಲ ಪೂಜೆಯಲ್ಲಿ ಇರಬಹುದು ಎಂದು. ಹಳೆಯ ವಿಧಿಯ ಪಕ್ಷದವರಿಗೆ ಇದರ ಮೇಲೆ ಬಹಳ ಕೋಪ. ಬೇರೆ ಧರ್ಮದವರ ಆಚಾರವಂತೆ. ಅಮ್ಮಂದಿರೇ, ನೀವೇ ಹೇಳಿ. ದೇವರ ಮುಂದೆ ಚಪ್ಪಲಿ ಬಿಡುವುದಕ್ಕೆ ನಮ್ಮಜ್ಜಿ ಯಾರ ಒಪ್ಪಿಗೆ ಕೇಳಿದ್ದಳು? ರೋಮು ಒಪ್ಪುವ ಮೊದಲೂ ಬಿಡುತ್ತಿದ್ದಳು, ಆಮೇಲೂ ಬಿಡುತ್ತಿದ್ದಳು. ಈಗ ಬೂಟು ಹಾಕಿಕೊಂಡು ಪೀಠದ ತನಕ ಹೋಗುವವರು ಮುಸುಕಿಲ್ಲದ ಹೆಂಗಸಿಗೆ ಭಕ್ತಿಯಿಲ್ಲ ಎನ್ನುತ್ತಾರೆ.

ಮುಸುಕಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 1917ರ ಧರ್ಮಸಭೆಯ ಕಾನೂನಿನಲ್ಲಿ ಹೆಂಗಸರು ತಲೆಗೆ ಮುಸುಕು ಹಾಕಬೇಕು ಎಂದಿತ್ತು. 1983ರ ಹೊಸ ಕಾನೂನಿನಲ್ಲಿ ಆ ಮಾತಿಲ್ಲ. ನಾನು ಈಗಲೂ ಸೆರಗು ಹೊದೆಯುತ್ತೇನೆ. ಹೊದೆಯದಿದ್ದರೆ ಅಜ್ಜಿ ಪಕ್ಕದಲ್ಲಿಲ್ಲ ಎನ್ನಿಸುತ್ತದೆ. ಅದು ನನ್ನಿಷ್ಟ. ಆದರೆ ಯಾವ ಧರ್ಮದಲ್ಲೇ ಆಗಲಿ "ಹಿಂದಕ್ಕೆ ಹೋಗೋಣ" ಎಂದು ಕೂಗಿದ ಕೂಡಲೇ ಮೊದಲು ಬಟ್ಟೆ ಬೀಳುವುದು ಹೆಂಗಸಿನ ತಲೆಯ ಮೇಲೇಕೆ? ಹಿಂದಿನಂತೆ ಗಂಡಸರು ಶುಕ್ರವಾರ ಮಾಂಸ ಬಿಡಲಿ, ತಪಸ್ಸುಕಾಲದಲ್ಲಿ ಬಾಟಲಿ ಬಿಡಲಿ, ಪಾಪನಿವೇದನೆಗೆ ಸಾಲುಗಟ್ಟಲಿ ಎಂದು ಯಾರೂ ಪೋಸ್ಟರು ಅಂಟಿಸಿದ್ದನ್ನು ನಾನು ಕಂಡಿಲ್ಲ. ನಮ್ಮ ಹುಡುಗಿಯ ಲೇಸು ಚೆಂದವಾಗಿಯೇ ಇತ್ತು. ತಾನಾಗಿ ಹಾಕಿಕೊಂಡರೆ ಹಾಕಿಕೊಳ್ಳಲಿ. ಪಕ್ಕದವಳ ಬರಿದಲೆ ನೋಡಿ ಮೂಗು ಮುರಿಯುವುದಾದರೆ, ಆ ಮುಸುಕು ದೇವರಿಗಾಗಿ ಹಾಕಿದ್ದಲ್ಲ.

ಹಬ್ಬದ ಮರುದಿನ ಅವಳು ನನ್ನನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋದಳು. ನೀರು ಇಳಿದಿತ್ತು. ಚಾವಣಿಯಿಲ್ಲದ ಕಮಾನುಗಳ ಕೆಳಗೆ, ಪೀಠವಿದ್ದ ಕಡೆಯಲ್ಲೇ, ಮದುವೆಯಾಗಲಿರುವ ಜೋಡಿಯೊಂದು ತಬ್ಬಿಕೊಂಡು ನಿಂತಿತ್ತು. ಕ್ಯಾಮೆರಾದವನು ಬಣ್ಣದ ಹೊಗೆ ಬಿಡುತ್ತಿದ್ದ. ನಮ್ಮ ಹುಡುಗಿ ಕೆಂಡವಾದಳು. ಹೋಗಿ ಜಗಳವಾಡಿದಳು. ನನಗೂ ಸಮಾಧಾನವಾಯಿತು ಎನ್ನಿ. ಅಜ್ಜಿ ಮಂಡಿಯೂರಿದ ಜಾಗ ಅದು.

ಅವರು ಹೋದ ಮೇಲೆ ಹುಡುಗಿ ಚೀಲದಿಂದ ಮುಸುಕು ತೆಗೆದಳು, ಹಾಕಿಕೊಂಡಳು, ಅದೇ ಜಾಗದಲ್ಲಿ ಮಂಡಿಯೂರಿದಳು. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಫೋನನ್ನು ನನ್ನ ಕೈಗೆ ಕೊಟ್ಟಳು. ತೆಗೆದೆ. ನೋಡಿ ಹೇಳಿದಳು: "ಅತ್ತೆ, ಇನ್ನೊಂದ್ಸಲ. ಲೇಸು ಸರಿಯಾಗಿ ಬಂದಿಲ್ಲ."

ನಾನೇನೂ ಹೇಳಲಿಲ್ಲ. ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ. ಮಗಳೇ, ಅವರು ಬಿಟ್ಟ ಹೊಗೆಗೂ ನಿನ್ನ ಲೇಸಿಗೂ ಆ ಗಳಿಗೆಯಲ್ಲಿ ಎಷ್ಟು ವ್ಯತ್ಯಾಸವಿತ್ತು?

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಗುರುಗಳಿಗೆ ಬಹಳ ಸಂತೋಷವಾಗುತ್ತದೆ. ಅವರಿಗೂ ಇದೆ. ಈ ಮಕ್ಕಳು ಹೋಗಿ ಕೇಳಿದರೆ ಅವರು ಕೊಡುವ ಉತ್ತರವೇನು? 2007ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಹಳೆಯ ಪೂಜೆಗೆ ಬಾಗಿಲು ತೆರೆದರು, 2021ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದರು, ಬಿಷಪ್ಪರ ಅನುಮತಿಯಿಲ್ಲದೆ ಇಲ್ಲ, ಹೋಗಿಬನ್ನಿ. ಹಸಿದು ಬಂದ ಮಗುವಿಗೆ ಆದೇಶದ ಪ್ರತಿ ತೋರಿಸಿದ ಹಾಗಾಯಿತು. ಲ್ಯಾಟಿನ್ ಕೊಡಲಾಗದಿದ್ದರೆ ಬೇಡ. ಮೌನ ಕೊಡುವುದಕ್ಕೆ ಯಾವ ಅನುಮತಿ ಬೇಕು? ಪೂಜೆಯನ್ನು ಇಪ್ಪತ್ತೈದು ನಿಮಿಷಕ್ಕೆ ಮುಗಿಸದಿರಲು ಯಾವ ಪೋಪರ ಆದೇಶ ಬೇಕು? ಪರಮಪ್ರಸಾದದ ನಂತರ ಐದು ನಿಮಿಷ ಮೈಕು ಆರಿಸಿ ಕೂತರೆ ಯಾವ ಕಾನೂನು ಮುರಿಯುತ್ತದೆ? ಕನ್ನಡದ ಮಾತನ್ನು ಬಸ್ಸು ಹಿಡಿಯುವವರ ಹಾಗೆ ಓದದೆ, ಇಷ್ಟು ಚೆಂದದ ಮಾತು ಎಂದು ಒಬ್ಬ ಮುದುಕಿಗೆ ಅನ್ನಿಸುವ ಹಾಗೆ ಓದಿದರೆ, ಎಷ್ಟು ಮಕ್ಕಳು ಇಲ್ಲೇ ಉಳಿಯುತ್ತಾರೋ!

ಹೀಗೆ ಎರಡೂ ಕಡೆಯವರು ಹಟ ಹಿಡಿದರೆ ಏನಾಗುತ್ತದೆಂದು ಕೇರಳದಲ್ಲಿ ನೋಡಿದ್ದೇವೆ. ಅಲ್ಲಿಯ ಸಿರೋ ಮಲಬಾರ್ ಸಭೆಯಲ್ಲಿ ಗುರುಗಳು ಪೂಜೆಯ ಹೊತ್ತಿನಲ್ಲಿ ಯಾವ ಕಡೆ ಮುಖ ಮಾಡಬೇಕೆಂಬುದೇ ಜಗಳ. 2022ರ ಕ್ರಿಸ್‌ಮಸ್ ಹೊತ್ತಿಗೆ ಎರ್ನಾಕುಲಂನ ಬೆಸಿಲಿಕದೊಳಗೆ, ಪೀಠದ ಎದುರಿಗೇ ತಳ್ಳಾಟವಾಯಿತು. ಹೇಗೆ ಪೂಜಿಸಬೇಕೆಂದು ಕಚ್ಚಾಡಿ ಪೂಜೆಯ ಜಾಗವನ್ನೇ ಹೊಲಸು ಮಾಡಿಕೊಂಡರು.

ಅದಕ್ಕೇ ನಾನು ಈ ಮಾತನ್ನು ಗುರುಗಳಿಗೂ ಬಿಡುವುದಿಲ್ಲ, ಹುಡುಗರಿಗೂ ಬಿಡುವುದಿಲ್ಲ. ನಮ್ಮ ಹೆಂಗಸರ ಮುಂದೆ ಇಡುತ್ತೇನೆ. ಚರ್ಚು ಗುಡಿಸುವವರು ನಾವು. ಪೀಠದ ಬಟ್ಟೆ ಒಗೆಯುವವರು, ಹೂವು ಕಟ್ಟುವವರು, ಮಕ್ಕಳಿಗೆ ಶಿಲುಬೆ ಗುರುತು ಹಾಕಲು ಕೈ ಹಿಡಿದು ಕಲಿಸುವವರು ನಾವು. ಭಯಭಕ್ತಿ ಕಳೆದದ್ದೂ ನಮ್ಮ ಕೈಯಿಂದಲೇ, ಮರಳಬೇಕಾದದ್ದೂ ಅಲ್ಲಿಂದಲೇ. ಪೂಜೆಗೆ ಮುಂಚೆ ಪಕ್ಕದವಳು ಸೊಸೆಯ ಸುದ್ದಿ ತೆಗೆದರೆ "ಆಮೇಲೆ ಕಣೆ" ಎನ್ನೋಣ. ಫೋನು ಮನೆಯಲ್ಲೇ ಇರಲಿ. ಒಂದು ಗಂಟೆಯ ಉಪವಾಸವನ್ನಾದರೂ ನೆಟ್ಟಗೆ ಮಾಡೋಣ. ಚರ್ಚಿನ ಗೇಟಿನ ತನಕ ಬಿಸ್ಕತ್ತು ತಿನ್ನಿಸಿಕೊಂಡು ಬರುವುದು ಬೇಡ. ನಮ್ಮ ಮಗಳ ಮದುವೆಯಲ್ಲಿ ವಿಡಿಯೋದವನಿಗೆ ಮೊದಲೇ ಹೇಳೋಣ, ಪೀಠದ ಮೆಟ್ಟಿಲು ಹತ್ತಬೇಡಪ್ಪ ಎಂದು. ಸಂಜೆ ಟೀವಿ ಆರಿಸಿ ಮನೆಯಲ್ಲಿ ಜಪಸರ ಹೇಳೋಣ. ಇದಕ್ಕೆ ಲ್ಯಾಟಿನ್ ಬೇಡ, ಲೇಸು ಬೇಡ, ಬಿಷಪ್ಪರ ಸಹಿಯೂ ಬೇಡ.

ಪ್ಲಾಸ್ಟಿಕ್ ಹೂವನ್ನು ನಾನು ಸಂಘದವರನ್ನು ಕೇಳಿ ತೆಗೆಸಿದೆ. ಶನಿವಾರ ಸಂಜೆ ಹಿತ್ತಲ ಹೂವು ಕೊಯ್ದು ಕಟ್ಟುತ್ತೇನೆ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಊರಿಗೆ ಹೊರಡುವಾಗ ಹುಡುಗಿ ಅಜ್ಜಿಯ ತಗಡಿನ ಡಬ್ಬಿಯಲ್ಲಿರುವ ಜಪಸರ ಕೇಳಿದಳು. ಮರದ ಮಣಿ, ಎರಡು ಕಡೆ ದಾರದಿಂದ ಕಟ್ಟಿದ್ದು. "ಕನ್ನಡದಲ್ಲೇ ಹೇಳ್ತೀನಿ ಅಂದ್ರೆ ಕೊಡ್ತೀನಿ" ಎಂದೆ. ಅವಳ ಮುಖ ಚಿಕ್ಕದಾಯಿತು. "ಯೋಚಿಸ್ತೀನಿ ಅತ್ತೆ" ಎಂದು ಬಸ್ಸು ಹತ್ತಿದಳು. ಆಮೇಲೆ ಎಷ್ಟೋ ದಿನ ಆ ಮಾತು ನನ್ನನ್ನೇ ಕುಟುಕಿತು. ಭಕ್ತಿಗೆ ಷರತ್ತು ಹಾಕುವವರನ್ನು ಬೈಯುತ್ತ ನಾನೇ ಒಂದು ಷರತ್ತು ಹಾಕಿ ಕೂತಿದ್ದೆ. ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಮುಂಚೆ ತಮ್ಮ ಬೆಂಗಳೂರಿಗೆ ಹೊರಟಾಗ ಜಪಸರವನ್ನು ಕಾಗದದಲ್ಲಿ ಸುತ್ತಿ ಅವನ ಕೈಯಲ್ಲಿ ಕಳಿಸಿದೆ. ಚೀಟಿಯಲ್ಲಿ ಇಷ್ಟೇ ಬರೆದೆ: ಇದು ನಿನ್ನ ಮುತ್ತಜ್ಜಿಯದು. ಅವಳಿಗೆ ಓದು ಬರುತ್ತಿರಲಿಲ್ಲ. ದಾರ ಸಡಿಲವಾಗಿದೆ, ಜೋಪಾನ.